ಚೀಲದಲ್ಲಿ ಅಕ್ಕಿ ಇದೆ, ಸಾರಿನಲ್ಲಿ ಬೇಳೆ ಇಲ್ಲ: ನಮ್ಮ ಕಡೆ ಹಸಿವು ಎಲ್ಲಿ ಅಡಗಿದೆ?

ಜಗಳೂರು ಸೀಮೆ
ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳು ಒಂದು ಸಮೀಕ್ಷೆ ಕೆಲಸಕ್ಕೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿದೆ. ಕೆಲಸ ಮುಗಿದು ವಾರ ಆಯಿತು. ಮನಸ್ಸಿನಿಂದ ಮಾತ್ರ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೆಣ್ಣುಮಕ್ಕಳನ್ನು ಕೇಳುತ್ತಿದ್ದ ಮುಖ್ಯ ಪ್ರಶ್ನೆ ಒಂದೇ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋ ತನಕ ಏನೇನು ಉಂಡ್ರಿ?" ಅವರು ಹೇಳಿದ್ದನ್ನು ಹತ್ತು ಗುಂಪುಗಳಲ್ಲಿ ಗುರುತು ಮಾಡಬೇಕು. ಧಾನ್ಯ ಮತ್ತು ಗೆಡ್ಡೆ ಒಂದು ಗುಂಪು. ಬೇಳೆಕಾಳು ಒಂದು. ಶೇಂಗಾ, ಎಳ್ಳಿನಂಥವು ಒಂದು. ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಸೊಪ್ಪು ಬೇರೆ ಬೇರೆ. ಉಳಿದವು ಹಣ್ಣು ತರಕಾರಿಗಳ ಗುಂಪು. ಹತ್ತರಲ್ಲಿ ಐದಾದರೂ ಬಂದರೆ ಊಟ ಪರವಾಗಿಲ್ಲ ಎಂದು ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರ ಅಳತೆ ಇದು. ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ.

ಚಳ್ಳಕೆರೆ ಕಡೆ ಒಂದು ಹಟ್ಟಿ. ಎರಡು ವರ್ಷದ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಆ ತಾಯಿ ಉತ್ತರ ಹೇಳಿದರು. ಬೆಳಿಗ್ಗೆ ರಾತ್ರಿಯ ಅನ್ನಕ್ಕೆ ಉಪ್ಪು, ಖಾರ. ಮಧ್ಯಾಹ್ನ ಅನ್ನ, ಹುಣಸೆಹಣ್ಣಿನ ಸಾರು. ರಾತ್ರಿ ಮುದ್ದೆ, ಅದೇ ಸಾರು. "ಬ್ಯಾಳೆ?" ಅಂದೆ. "ಸಂತೆ ದಿನ ತಂದ್ರೆ ಎರಡು ದಿನ ಬರ್ತೈತೆ." ಮೂಲೆಯಲ್ಲಿ ಸೊಸೈಟಿ ಅಕ್ಕಿಯ ಚೀಲ ಇತ್ತು. ಅವರ ಹೊಲದಲ್ಲಿ ಬೆಳೆದದ್ದು ಶೇಂಗಾ. ಮನೆಗೆ ಎಷ್ಟು ಇಟ್ಟುಕೊಂಡ್ರಿ ಅಂತ ಕೇಳಿದೆ. "ಬಿತ್ತನೆಗೆ ಇಟ್ಟೀವಿ ಕಣಮ್ಮ. ಉಳಿದದ್ದು ಸಾಲಕ್ಕೆ ಹೋತು."

ನನ್ನ ಹಾಳೆಯಲ್ಲಿ ಗುರುತು ಬಿದ್ದದ್ದು ಒಂದೇ ಗುಂಪಿಗೆ. ಹುಣಸೆ, ಮೆಣಸಿನಕಾಯಿಯನ್ನು ರುಚಿಗೆ ಹಾಕುವಷ್ಟಕ್ಕೆ ಲೆಕ್ಕ ಹಿಡಿಯುವುದಿಲ್ಲ.

ಆ ಮನೆಯಲ್ಲಿ ಯಾರೂ ಖಾಲಿ ಹೊಟ್ಟೆಯಲ್ಲಿ ಮಲಗುವುದಿಲ್ಲ. ಅದನ್ನೂ ಅವರೇ ಹೇಳಿದರು. ಆದರೆ ಆ ಮಗುವಿನ ಎತ್ತರ ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ಹೀಗೇ ಇದ್ದಾರೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ.

ಅಕ್ಕಿ ಸಿಗುತ್ತಿದೆ. ಮಕ್ಕಳು ಯಾಕೆ ಬೆಳೆಯುತ್ತಿಲ್ಲ? ಅಕ್ಕಿ ಕೊಡಬೇಕಾ, ದುಡ್ಡು ಕೊಡಬೇಕಾ, ಬೇಳೆ ಕೊಡಬೇಕಾ? ನಮ್ಮಂಥ ಬೇರೆ ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರಾ? ತಿಳಿದವರು ಹೇಳಿ.

ಭದ್ರಾ ನಾಲೆ
ಭಾನುವಾರ ರಾತ್ರಿ 9:48

ತಂಗಿ, ಓದಿ ಹೊಟ್ಟೆ ಚುರುಕ್ ಅಂತು. ನಾನು ಮಲೇಬೆನ್ನೂರು ಕಡೆಯವನು. ನಮಗೆ ನಾಲೆ ನೀರಿದೆ, ಭತ್ತ ಇದೆ. ನಾಟಿಗೆ ಬರುವ ಹೆಣ್ಣಾಳುಗಳ ಬುತ್ತಿ ಬಿಚ್ಚಿದರೆ ಇಲ್ಲಿಯೂ ಅದೇ ಅನ್ನ, ಅದೇ ತಿಳಿಸಾರು. ಹಾಗಾಗಿ ಬರಸೀಮೆಯ ಕಥೆ ಮಾತ್ರ ಅಂದುಕೊಳ್ಳಬೇಡಿ.

ನಮ್ಮ ಅಜ್ಜನ ಕಾಲದ ಬೆದ್ದಲು ಹೊಲ ನೆನಪು ಮಾಡಿಕೊಳ್ಳುತ್ತೇನೆ. ರಾಗಿ ಬಿತ್ತಿದರೆ ಜೊತೆಗೆ ಅಕ್ಕಡಿ ಸಾಲು ಇರಲೇಬೇಕು. ಅವರೆ, ತೊಗರಿ, ಅಲಸಂದೆ, ಅಂಚಿಗೆ ಹುಚ್ಚೆಳ್ಳು. ಅಕ್ಕಡಿ ಕಾಳು ಅಂದರೆ ಮನೆಯ ಹೆಂಗಸರ ಪಾಲು. ಅದನ್ನು ಮಾರುಕಟ್ಟೆಗೆ ಹಾಕುತ್ತಿರಲಿಲ್ಲ. ವರ್ಷದ ಸಾರು ಅದರಲ್ಲೇ ನಡೆಯುತ್ತಿತ್ತು. ಕಳೆ ಕೀಳುವಾಗ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ ಮಡಿಲು ತುಂಬ ಬರುತ್ತಿತ್ತು. ಬೆರಕೆ ಸೊಪ್ಪಿನ ಸಾರಿಗೆ ದುಡ್ಡು ಯಾರು ಕೊಡುತ್ತಿದ್ದರು?

ಆಮೇಲೆ ಮೆಕ್ಕೆಜೋಳ ಬಂತು. ತಪ್ಪು ಹೇಳುತ್ತಿಲ್ಲ. ನಾನೂ ಹಾಕುತ್ತೇನೆ, ಕೈಗೆ ನಾಲ್ಕು ಕಾಸು ಅದರಿಂದಲೇ ಬಂದದ್ದು. ಆದರೆ ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆಯುತ್ತೇವೆ. ಅದು ಸೊಪ್ಪನ್ನೂ ಸುಡುತ್ತದೆ, ಅಕ್ಕಡಿ ಕಾಳಿನ ಗಿಡವನ್ನೂ ಬಿಡುವುದಿಲ್ಲ. ಬೆಳೆದ ಕಾಳು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಗ ಎಥೆನಾಲ್‌ಗೆ ಹೋಗುತ್ತದೆ. ದಾವಣಗೆರೆ ಎಪಿಎಂಸಿಯಲ್ಲಿ ಗುಡ್ಡೆ ಗುಡ್ಡೆ ಬಿದ್ದಿರುವ ಆ ಕಾಳಿನಲ್ಲಿ ನಮ್ಮ ಅಡುಗೆಮನೆಗೆ ಬರುವುದು ಎಷ್ಟು ಹೇಳಿ? ಮೊದಲು ಹೊಲದಿಂದ ಸೀದಾ ಒಲೆಗೆ ಬರುತ್ತಿದ್ದದ್ದನ್ನು ಈಗ ದುಡ್ಡು ಕೊಟ್ಟು ತರಬೇಕು. ದುಡ್ಡು ಗಂಡಸಿನ ಜೇಬಿನಲ್ಲಿ ಇರುತ್ತದೆ.

ಕೋಟೆ ಮೇಷ್ಟ್ರು
ಭಾನುವಾರ ರಾತ್ರಿ 10:30

ನಾಲೆಯವರು ಹೇಳಿದ ಕೊನೆಯ ಮಾತು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದ ಅಭ್ಯಾಸ, ಉದ್ದ ಆದರೆ ಸಹಿಸಿಕೊಳ್ಳಿ.

ನಮ್ಮ ಕಡೆ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರು. ಧಾತು, ಈಶ್ವರ ಎಂಬ ಎರಡು ಸಂವತ್ಸರ, ಅಂದರೆ 1876ರಿಂದ 78. ಆಗ ದಾವಣಗೆರೆಯೂ ಚಿತ್ರದುರ್ಗದ ಜೊತೆಗೇ ಇತ್ತು, ಎಲ್ಲ ಮೈಸೂರು ಸಂಸ್ಥಾನ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಊರು ಬೆಳೆಯಬೇಕಿತ್ತು, ಕರಗಿಹೋಯಿತು. ಅದೇ ಹೊತ್ತಿನಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ಹಡಗು ಹೋಗುತ್ತಲೇ ಇತ್ತು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದೇ ಗಂಟನ್ನು ಬಿಡಿಸಿದವರು. ಬಂಗಾಳದ 1943ರ ಬರವನ್ನು ಅವರು ಚಿಕ್ಕ ಹುಡುಗನಾಗಿ ಕಣ್ಣಾರೆ ಕಂಡಿದ್ದರು. ಮುಂದೆ ಲೆಕ್ಕ ತೆಗೆದು ನೋಡಿದರೆ 1943ರಲ್ಲಿ ಬಂಗಾಳದಲ್ಲಿದ್ದ ಅಕ್ಕಿ 1941ಕ್ಕಿಂತ ಜಾಸ್ತಿಯೇ. 1941ರಲ್ಲಿ ಬರ ಬರಲಿಲ್ಲ, 1943ರಲ್ಲಿ ಲಕ್ಷಾಂತರ ಜನ ಸತ್ತರು. ಬೆಲೆ ಏರಿತು, ಕೂಲಿ ಏರಲಿಲ್ಲ. ಕೂಲಿಯವರು, ಮೀನುಗಾರರು, ಕ್ಷೌರಿಕರು ಕೊಳ್ಳಲಾಗದೆ ಸತ್ತರು. ಊರಲ್ಲಿ ಅನ್ನ ಇದೆಯಾ ಅಂತ ಕೇಳಿದರೆ ಸಾಲದು, ಇವನ ಕೈಗೆ ಅನ್ನ ಬರುವ ದಾರಿ ಯಾವುದು ಅಂತ ಕೇಳಬೇಕು. ಸೇನ್ ಅವರ ಮಾತಿನ ತಿರುಳು ಇದು.

ಈ ತಂಗಿ ಈಗ ಅದನ್ನೇ ಇನ್ನೊಂದು ಹೆಜ್ಜೆ ಒಳಗೆ ತಂದಿದ್ದಾರೆ. ಮನೆಗೆ ಅನ್ನ ಬಂತು. ಆ ಮಗುವಿನ ತಟ್ಟೆಗೆ ಬೇಳೆ ಬರುವ ದಾರಿ ಯಾವುದು?

ಪಿಜೆ ಬಡಾವಣೆ
ಸೋಮವಾರ ಬೆಳಿಗ್ಗೆ 7:15

ಉತ್ತರ ನೇರವಾಗಿದೆ ಅಲ್ವಾ? ಅಕ್ಕಿ ನಿಲ್ಲಿಸಿ ದುಡ್ಡು ಹಾಕಿ. ಅಕ್ಕಿ ಜಾಸ್ತಿ ಆದವರು ಮಾರುತ್ತಾರೆ, ನಮ್ಮ ಬೀದಿಯಲ್ಲೇ ಗಾಡಿ ಬಂದು ಕೊಳ್ಳುತ್ತದೆ. ಸಾಗಾಟ, ಗೋದಾಮು, ಸೋರಿಕೆ, ಎಲ್ಲ ಖರ್ಚೂ ಉಳಿಯುತ್ತದೆ. ಬೇಳೆ ಬೇಕಾದವರು ಬೇಳೆ ತರುತ್ತಾರೆ, ಮೊಟ್ಟೆ ಬೇಕಾದವರು ಮೊಟ್ಟೆ. ಬಡವರಿಗೆ ತಮಗೇನು ಬೇಕು ಅಂತ ಗೊತ್ತಿಲ್ಲ ಅಂದುಕೊಳ್ಳುವುದು ನನಗೆ ಇಷ್ಟವಿಲ್ಲ.

ಸೊಸೈಟಿ ತಕ್ಕಡಿ
ಸೋಮವಾರ ಬೆಳಿಗ್ಗೆ 8:40

ಸರ್, ಒಂದು ನ್ಯಾಯಬೆಲೆ ಅಂಗಡಿಯಲ್ಲಿ ಆರು ವರ್ಷ ತೂಕ ಹಾಕಿದ್ದೇನೆ. ಕಂಡದ್ದು ಹೇಳುತ್ತೇನೆ.

2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಗೆ ಅಕ್ಕಿ ಸಿಗಲಿಲ್ಲ ಅಂತ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ ಶುರುವಾಯಿತು. ಆ ನಡುವಿನ ತಿಂಗಳುಗಳಲ್ಲಿ ನನ್ನ ಅಂಗಡಿ ಮುಂದೆ ನಿಂತವರು ಕೇಳುತ್ತಿದ್ದದ್ದು "ದುಡ್ಡು ಬಂತಾ ನೋಡಪ್ಪ" ಅಂತ. ನನಗೆ ಗೊತ್ತಾಗುವುದು ಹೇಗೆ? ಕೆಲವರ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಬ್ಯಾಂಕಿಗೆ ಹೋಗಿ ಬರಲು ಬಸ್ ಚಾರ್ಜು, ಒಂದು ದಿನದ ಕೂಲಿ. 34 ರೂಪಾಯಿಗೆ ಅಂಗಡಿಯಲ್ಲಿ ಒಳ್ಳೆ ಅಕ್ಕಿಯೂ ಬರುವುದಿಲ್ಲ. ಅಕ್ಕಿಯಾದರೆ ಬೆಲೆ ಏರಿದರೂ 5 ಕೆಜಿ 5 ಕೆಜಿಯೇ.

ಮಾರುತ್ತಾರೆ ಅನ್ನುವುದೂ ನಿಜ. ಮಾರಿದ ದುಡ್ಡಲ್ಲಿ ಎಷ್ಟೋ ಜನ ಬೇಳೆ, ಎಣ್ಣೆಯನ್ನೇ ತರುತ್ತಾರೆ. ಕಡಿಮೆ ರೇಟಿಗೆ ಮಾರಿ, ಜಾಸ್ತಿ ರೇಟಿಗೆ ತರುತ್ತಾರೆ. ಅವರಿಗೆ ಬೇಕಿದ್ದದ್ದನ್ನೇ ಮೊದಲು ಕೊಟ್ಟಿದ್ದರೆ ಈ ನಷ್ಟ ಯಾಕೆ?

ಹೊಸದುರ್ಗದ ವಿದ್ಯಾರ್ಥಿ
ಸೋಮವಾರ ಸಂಜೆ 6:05

ನಾನು ಕೃಷಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಜಗಳೂರು ಅಕ್ಕ ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಇದೆ. ಇದನ್ನು ನಿಜವಾಗಿಯೂ ಪರೀಕ್ಷೆ ಮಾಡಿ ನೋಡಿದ್ದಾರೆ. ಈ ಕೆಲಸಕ್ಕೆಂದೇ 1975ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ ಶುರುವಾಯಿತು. ಹೊಸ ತಳಿ ತೆಗೆಯುವುದು ಅವರ ಕೆಲಸವಲ್ಲ. ಸರ್ಕಾರ ಒಂದು ಯೋಜನೆ ಮಾಡಿದರೆ ಬಡವರ ಮನೆಯಲ್ಲಿ ಏನು ಬದಲಾಯಿತು ಅಂತ ಅಳೆಯುತ್ತಾರೆ.

ಮೊದಲು ಈಕ್ವೆಡಾರ್. 2011ರಲ್ಲಿ ಅಲ್ಲಿನ ಉತ್ತರ ಭಾಗದ ಪಟ್ಟಣಗಳಲ್ಲಿ ಕೊಲಂಬಿಯಾದಿಂದ ಬಂದ ನಿರಾಶ್ರಿತರು, ಸ್ಥಳೀಯ ಬಡವರು ಒಟ್ಟಿಗೆ ಇದ್ದರು. ಕೆಲವರಿಗೆ ತಿಂಗಳಿಗೆ 40 ಡಾಲರ್ ನಗದು, ಕೆಲವರಿಗೆ ಅಷ್ಟೇ ಬೆಲೆಯ ಕೂಪನ್, ಕೆಲವರಿಗೆ ಆಹಾರ ಪದಾರ್ಥ. ಆರು ತಿಂಗಳು ನಡೆಯಿತು. ಮೂರೂ ಗುಂಪಿನ ಊಟ ಸುಧಾರಿಸಿತು. ಹೊಟ್ಟೆಗೆ ಬಿದ್ದ ಅನ್ನದ ಪ್ರಮಾಣ ಜಾಸ್ತಿ ಏರಿದ್ದು ಪದಾರ್ಥ ಪಡೆದವರಲ್ಲಿ. ಬಗೆಬಗೆಯ ಆಹಾರ ಜಾಸ್ತಿ ಆದದ್ದು ಕೂಪನ್ ಪಡೆದವರಲ್ಲಿ. ಹಂಚುವ ಖರ್ಚು ಜಾಸ್ತಿ ಬಂದದ್ದು ಪದಾರ್ಥಕ್ಕೆ. ಅಂದರೆ ಪಿಜೆ ಬಡಾವಣೆ ಸರ್ ಹೇಳಿದ್ದರಲ್ಲೂ ಸತ್ಯ ಇದೆ.

ಇಥಿಯೋಪಿಯಾ ಇದಕ್ಕೆ ಉಲ್ಟಾ. 2005ರಲ್ಲಿ ಅಲ್ಲಿ ನಮ್ಮ ಉದ್ಯೋಗ ಖಾತ್ರಿಯ ಹಾಗೆ ದೊಡ್ಡ ಯೋಜನೆ ಶುರುವಾಯಿತು. ಕೂಲಿ ಕೆಲವು ಕಡೆ ನಗದು, ಕೆಲವು ಕಡೆ ಧಾನ್ಯ. 2008ರ ಹೊತ್ತಿಗೆ ಬೆಲೆ ವಿಪರೀತ ಏರಿ ನಗದು ಪಡೆದವರ ಕೈಯಲ್ಲಿದ್ದ ದುಡ್ಡು ಕರಗಿತು. ಜನ ಧಾನ್ಯವೇ ಇರಲಿ ಅಂದರು. ತಕ್ಕಡಿ ಅಣ್ಣ ಹೇಳಿದ 34 ರೂಪಾಯಿ ಕಥೆಯೇ ಅದು. ನಮ್ಮಲ್ಲೂ 2011ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಪಡಿತರ ಪಡೆಯುವವರನ್ನು ಕೇಳಿದ್ದರು. ಅರ್ಥಶಾಸ್ತ್ರಜ್ಞೆ ರೀತಿಕಾ ಖೇರಾ ಅದರ ಬಗ್ಗೆ ಬರೆದಿದ್ದಾರೆ. ಮೂರರಲ್ಲಿ ಎರಡು ಪಾಲು ಜನ ಧಾನ್ಯವೇ ಬೇಕು ಅಂದಿದ್ದರು. ಬ್ಯಾಂಕು ದೂರ ಇರುವ, ಅಂಗಡಿ ಇಲ್ಲದ ಊರುಗಳಲ್ಲಿ ಈ ಮಾತು ಇನ್ನೂ ಗಟ್ಟಿ.

ನನ್ನ ನಿದ್ದೆ ಕೆಡಿಸಿದ್ದು ಬಾಂಗ್ಲಾದೇಶದ ಅಧ್ಯಯನ. 2012ರಿಂದ 2014ರವರೆಗೆ, ಎರಡು ವರ್ಷ. ತೀರಾ ಬಡ ತಾಯಂದಿರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ತಿಂಗಳಿಗೆ 1,500 ಟಾಕಾ. ಒಂದು ಗುಂಪಿಗೆ ಅಷ್ಟೇ ಬೆಲೆಯ 30 ಕೆಜಿ ಅಕ್ಕಿ, 2 ಕೆಜಿ ಬೇಳೆ, 2 ಲೀಟರ್ ಎಣ್ಣೆ. ಇನ್ನೊಂದು ಗುಂಪಿಗೆ ದುಡ್ಡು, ಜೊತೆಗೆ ವಾರ ವಾರ ಸಭೆ. ಮಗುವಿಗೆ ಏನು ತಿನ್ನಿಸಬೇಕು, ಯಾವಾಗ, ಎಷ್ಟು ಗಟ್ಟಿ, ಕೈ ತೊಳೆಯುವುದು, ಎಲ್ಲ ಅಲ್ಲಿ ಮಾತಾಡುತ್ತಿದ್ದರು. ಮನೆಗೂ ಬಂದು ನೋಡುತ್ತಿದ್ದರು. ಎರಡು ವರ್ಷದ ಮೇಲೆ ಮಕ್ಕಳ ಎತ್ತರ ಅಳೆದರು. ಬರೀ ದುಡ್ಡಿನಿಂದ ಕುಳ್ಳಾಗಿ ಉಳಿದ ಮಕ್ಕಳ ಪ್ರಮಾಣ ಇಳಿಯಲಿಲ್ಲ. ಬರೀ ಪದಾರ್ಥದಿಂದಲೂ ಇಳಿಯಲಿಲ್ಲ. ದುಡ್ಡು ಮತ್ತು ಸಭೆ ಸೇರಿದ ಕಡೆ ಆ ಪ್ರಮಾಣ 7.3 ಶೇಕಡಾ ಅಂಶದಷ್ಟು, ಅಂದರೆ ನೂರು ಮಕ್ಕಳಿಗೆ ಸುಮಾರು ಏಳರಷ್ಟು, ಇಳಿಯಿತು. ಎರಡು ವರ್ಷದಲ್ಲಿ ಇಷ್ಟು ಇಳಿಕೆ ತುಂಬ ಅಪರೂಪ.

ಅಕ್ಕ ನೋಡಿದ ಮನೆಗೆ ಬೇಳೆ ಬಂದರೂ ಸಾಲದು, ಆ ಬೇಳೆ ಮಗುವಿನ ಬಾಯಿಗೆ ಹೋಗಬೇಕು. ತಿಳಿಸಾರು ಕಲಸಿದ ಅನ್ನದಲ್ಲಿ ಬೇಳೆ ಎಷ್ಟಿರುತ್ತದೆ?

ಅಂಗನವಾಡಿ ಟೀಚರ್
ಸೋಮವಾರ ರಾತ್ರಿ 9:20

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಒಂದು ಕಡೆ ಖುಷಿ ಆಯಿತು. ಒಂದು ಕಡೆ ಕೋಪವೂ ಬಂತು, ನಿನ್ನ ಮೇಲೆ ಅಲ್ಲ.

ತಿಳಿ ಹೇಳುವ ಕೆಲಸವನ್ನು ನಾವು ವರ್ಷಗಳಿಂದ ಮಾಡುತ್ತಿದ್ದೇವೆ. ಗೋಡೆ ಮೇಲೆ ಚಿತ್ರ ಇದೆ, ಕೈಯಲ್ಲಿ ಪುಸ್ತಕ ಇದೆ. ಸಮಯ ಎಲ್ಲಿದೆ? ಬೆಳಿಗ್ಗೆ ಮಕ್ಕಳು, ಅಡುಗೆ, ತೂಕ, ಆಮೇಲೆ ಮೊಬೈಲಿನಲ್ಲಿ ಫೋಟೊ, ದಾಖಲೆ. ನೆಟ್‌ವರ್ಕ್ ಸಿಗದೆ ಗುಡ್ಡದ ಮೇಲೆ ನಿಂತು ಮಾಹಿತಿ ತುಂಬಿದ್ದೇನೆ. ವಾರಕ್ಕೊಂದು ಸಲ ತಾಯಂದಿರ ಜೊತೆ ಒಂದು ಗಂಟೆ ಕೂರಲು ಬಿಟ್ಟರೆ ಸಾಕು, ನಾನೂ ಮಾಡಿ ತೋರಿಸುತ್ತೇನೆ.

ಇನ್ನೊಂದು ವಿಷಯ. ಬಾಂಗ್ಲಾದೇಶದ ಸಭೆಗೆ ಬರೀ ತಾಯಂದಿರನ್ನು ಕರೆದರಾ? ಯಾಕೆ ಕೇಳುತ್ತೇನೆ ಅಂದರೆ, ನಮ್ಮಲ್ಲಿ ಬಾಣಂತಿ ಏನು ಉಣ್ಣಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಅತ್ತೆ. ಸೊಪ್ಪು ಕೊಟ್ಟರೆ ಮಗುವಿಗೆ ಭೇದಿ, ಬೇಳೆ ಕೊಟ್ಟರೆ ವಾಯು, ಮೊಟ್ಟೆ ಉಷ್ಣ. ಮೆಣಸಿನ ಸಾರು ಅನ್ನದಲ್ಲೇ ತಿಂಗಳು ಕಳೆಯುತ್ತಾರೆ. ಅತ್ತೆ ಕೆಟ್ಟವರಲ್ಲ, ಅವರ ಬಾಣಂತನವೂ ಹಾಗೇ ಆಗಿತ್ತು. ಸೊಸೆಗೆ ನೂರು ಸಲ ಹೇಳಿದರೆ ಏನು ಪ್ರಯೋಜನ?

2017ರಲ್ಲಿ ಮಾತೃಪೂರ್ಣ ಬಂದಾಗಲೂ ಇದೇ ಆಯಿತು. ಗರ್ಭಿಣಿ, ಬಾಣಂತಿ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ. ಒಳ್ಳೆಯ ಊಟ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ಕೂಲಿಗೆ ಹೋದ ಬಸುರಿ ಮಧ್ಯಾಹ್ನ ಎರಡು ಕಿಲೋಮೀಟರ್ ನಡೆದು ಬರುವುದಿಲ್ಲ. ಯೋಜನೆ ಮಾಡುವಾಗ ನಮ್ಮನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆವು.

ಹೊಸದುರ್ಗದ ವಿದ್ಯಾರ್ಥಿ
ಸೋಮವಾರ ರಾತ್ರಿ 9:41

ಅಕ್ಕಾ, ಕರೆದಿದ್ದರು. ಅತ್ತೆಯಂದಿರನ್ನು, ಗಂಡಂದಿರನ್ನು, ಊರಿನ ಹಿರಿಯರನ್ನೂ. ಅದು ಯೋಜನೆಯ ಭಾಗವೇ ಆಗಿತ್ತು. ಸಭೆ ನಡೆಸಿದವರೂ ಆ ಊರಿನ ಹೆಣ್ಣುಮಕ್ಕಳೇ.

ಸಾವೆ ಹೊಲ
ಮಂಗಳವಾರ ಬೆಳಿಗ್ಗೆ 6:30

ಹೊಸದುರ್ಗ ತಾಲ್ಲೂಕು. ಸಾವೆ ಬೆಳೆಯುತ್ತೇನೆ. 2023 ಸಿರಿಧಾನ್ಯ ವರ್ಷ ಅಂತ ಎಲ್ಲ ಕಡೆ ಮೇಳ ಆಯಿತು. ನಗರದವರು ಪ್ಯಾಕೆಟ್ ಕೊಂಡರು, ಒಳ್ಳೆಯದೇ. ನಮ್ಮ ಮನೆಯ ವಿಷಯ ಹೇಳುತ್ತೇನೆ. ಸಾವೆ ಮಾರುತ್ತೇವೆ, ಸೊಸೈಟಿ ಅಕ್ಕಿ ಉಣ್ಣುತ್ತೇವೆ.

ಕಾರಣ ಸುಲಭ. ರಾಗಿ, ಜೋಳ, ಸಜ್ಜೆಗೆ ಬೆಂಬಲ ಬೆಲೆ ಇದೆ. 2025-26ಕ್ಕೆ ರಾಗಿ ಕ್ವಿಂಟಾಲ್‌ಗೆ 4,886 ರೂಪಾಯಿ. ಸಾವೆ, ನವಣೆ, ಹಾರಕ, ಬರಗಿಗೆ ಅದಿಲ್ಲ. ರಾಜ್ಯ ಸರ್ಕಾರದ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹ ಧನ ಕೊಟ್ಟರು, ಅದರಿಂದ ಬಿತ್ತನೆ ಆಯಿತು. ಬಿತ್ತಿದ್ದು ನಮ್ಮ ಒಲೆಗೆ ಬರಬೇಕಾದರೆ ಸಿಪ್ಪೆ ತೆಗೆಯಬೇಕು. ಮೊದಲು ಒರಳಲ್ಲಿ ಕುಟ್ಟುತ್ತಿದ್ದರು. ನನ್ನ ಅವ್ವನ ಅಂಗೈ ನೋಡಿದ್ದೇನೆ, ಈಗಿನ ಹೆಣ್ಣುಮಕ್ಕಳಿಗೆ ಕುಟ್ಟಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಊರಿಗೊಂದು ಸಣ್ಣ ಮಿಲ್ಲು ಬೇಕು. ಒಡಿಶಾದಲ್ಲಿ 2017ರಿಂದ ಆದಿವಾಸಿ ಸೀಮೆಯಲ್ಲಿ ಅಲ್ಲಿನ ರಾಗಿಯನ್ನೇ ಕೊಂಡು, ಸಂಸ್ಕರಣೆಗೆ ಯಂತ್ರ ಕೊಟ್ಟು, ಕಿಯೊಂಝರ್ ಕಡೆ ಅಂಗನವಾಡಿ ಮಕ್ಕಳಿಗೆ ರಾಗಿ ಉಂಡೆ ಕೊಟ್ಟಿದ್ದಾರೆ. ನಮ್ಮದು ರಾಗಿ ಸೀಮೆ. ನಮ್ಮ ಹೊಲದಿಂದ ನಮ್ಮ ಅಂಗನವಾಡಿಗೆ ಎಷ್ಟು ದೂರ?

ಬೆಂಗಳೂರಲ್ಲಿ ಗಾರೆ ಕೆಲಸ
ಮಂಗಳವಾರ ಮಧ್ಯಾಹ್ನ 1:50

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ಮೊಳಕಾಲ್ಮೂರು ಕಡೆಯವನು. ಅವ್ವ ಊರಲ್ಲಿ ಒಬ್ಬಳೇ. ಅವಳ ಹೆಬ್ಬೆಟ್ಟು ಸವೆದಿದೆ, ಮಿಷನ್ ತೆಗೆದುಕೊಳ್ಳುವುದಿಲ್ಲ. ಎರಡು ತಿಂಗಳು ಅಕ್ಕಿ ಕೊಡದೆ ವಾಪಸ್ ಕಳಿಸಿದರು. ಹೋದದ್ದು ನಾಲ್ಕು ಸಲ. ನಿಮ್ಮ ಸಮೀಕ್ಷೆಯಲ್ಲಿ ಇದಕ್ಕೆ ಕಾಲಂ ಇದೆಯಾ ಅಕ್ಕ?

ಸೊಸೈಟಿ ತಕ್ಕಡಿ
ಮಂಗಳವಾರ ಮಧ್ಯಾಹ್ನ 2:15

ತಮ್ಮಾ, ಹೆಬ್ಬೆಟ್ಟು ಬರಲಿಲ್ಲ ಅಂತ ಪಡಿತರ ಇಲ್ಲ ಅನ್ನುವ ಹಾಗಿಲ್ಲ. ಓಟಿಪಿ ಇದೆ, ವಿನಾಯಿತಿ ಪಟ್ಟಿಯೂ ಇದೆ. ತಾಲ್ಲೂಕು ಆಹಾರ ಶಾಖೆಗೆ ಬರೆದು ಕೊಡಿಸು. ಅವ್ವನ ಕಾರ್ಡಿಗೆ ನಿನ್ನ ಮೊಬೈಲ್ ನಂಬರ್ ಜೋಡಿಸಿದ್ದರೆ ನೀನೇ ಓಟಿಪಿ ಹೇಳಬಹುದು. ನಿನ್ನ ಹೆಸರೂ ಅದೇ ಕಾರ್ಡಿನಲ್ಲಿದ್ದರೆ ನಿನ್ನ ಪಾಲನ್ನು ಬೆಂಗಳೂರಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಕೇಳು. ಈ ವಾರವೇ ಮಾಡು.

ಪಿಜೆ ಬಡಾವಣೆ
ಮಂಗಳವಾರ ರಾತ್ರಿ 8:30

ಎಲ್ಲರ ಬರಹ ಓದಿದೆ. ಬ್ಯಾಂಕು ನನ್ನ ಮನೆಯಿಂದ ಐದು ನಿಮಿಷ. ಹಾಗಾಗಿ ಆ ಮಾತು ಬರೆದೆ. ಜಗಳೂರಿನ ಹಳ್ಳಿಗೆ ಅದು ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಯೋಜನೆ ಸರ್ಕಾರ ಬದಲಾದ ಹಾಗೆ ಬದಲಾಗುತ್ತದೆ. ಅಕ್ಕಿ, ದುಡ್ಡು, ಮತ್ತೆ ಅಕ್ಕಿ. 2025ರ ಅಕ್ಟೋಬರ್‌ನಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡುವ ತೀರ್ಮಾನ ಸಚಿವ ಸಂಪುಟದಲ್ಲಿ ಆಯಿತು. ಯಾವುದರಿಂದ ಏನಾಯಿತು ಅಂತ ಅಳೆದವರು ಯಾರು?

ಕೋಟೆ ಮೇಷ್ಟ್ರು
ಮಂಗಳವಾರ ರಾತ್ರಿ 9:00

ಬಹಳ ಒಳ್ಳೆಯ ಪ್ರಶ್ನೆ. ಮೆಕ್ಸಿಕೊದವರು ಇದನ್ನು ಮಾಡಿ ತೋರಿಸಿದ್ದಾರೆ. 1997ರಲ್ಲಿ ಪ್ರೋಗ್ರೆಸಾ ಅಂತ ಯೋಜನೆ. ಮಕ್ಕಳನ್ನು ಶಾಲೆಗೆ, ಆಸ್ಪತ್ರೆಗೆ ಕಳಿಸಿದರೆ ತಾಯಿಯ ಕೈಗೆ ದುಡ್ಡು. ಒಂದೇ ಸಲ ಎಲ್ಲ ಕಡೆ ಮಾಡಲಿಲ್ಲ. 506 ಹಳ್ಳಿ ಆರಿಸಿ, ಚೀಟಿ ಎತ್ತಿದ ಹಾಗೆ 320ರಲ್ಲಿ ಮೊದಲು ಶುರು ಮಾಡಿದರು, 186ರಲ್ಲಿ ತಡವಾಗಿ. ಎರಡನ್ನೂ ಹೋಲಿಸಿ ನೋಡಿದ್ದು ವಿದ್ಯಾರ್ಥಿ ಹೇಳಿದ ಅದೇ ವಾಷಿಂಗ್ಟನ್ ಸಂಸ್ಥೆ. ಹೆಣ್ಣುಮಕ್ಕಳು ಮುಂದಿನ ತರಗತಿಗೆ ಹೋಗುವುದು ಜಾಸ್ತಿ ಆಗಿತ್ತು. 2000ದಲ್ಲಿ ಅಲ್ಲಿ ಒಂದೇ ಪಕ್ಷದ 71 ವರ್ಷದ ಆಳ್ವಿಕೆ ಮುಗಿದು ಬೇರೆ ಪಕ್ಷ ಬಂತು. ಹಳೆಯವರ ಯೋಜನೆ ಅಂತ ಕಿತ್ತು ಹಾಕಲಿಲ್ಲ. ಹೆಸರು ಬದಲಿಸಿ ಪಟ್ಟಣಗಳಿಗೂ ವಿಸ್ತರಿಸಿದರು. ಲೆಕ್ಕ ಎಲ್ಲರ ಮುಂದೆ ಇತ್ತು, ಅದಕ್ಕೇ ಉಳಿಯಿತು.

ಕಿಟ್ ಬರುವುದಾದರೆ ಮೊದಲು ಕೆಲವು ಹೋಬಳಿಗಳಲ್ಲಿ ಹೀಗೆ ಮಾಡಿ ನೋಡಲಿ. ಜಗಳೂರಿನಿಂದಲೇ ಶುರುವಾಗಲಿ.

ಜಗಳೂರು ಸೀಮೆ
ಬುಧವಾರ ರಾತ್ರಿ 8:15

ಗಾರೆ ಕೆಲಸದ ಅಣ್ಣ, ನಮ್ಮ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ. ನನ್ನ ಮೇಲಿನವರಿಗೆ ಇವತ್ತೇ ಬರೆದಿದ್ದೇನೆ.

ಇವತ್ತು ಬಸ್ಸು ಹತ್ತಿ ಮತ್ತೆ ಆ ಹಟ್ಟಿಗೆ ಹೋಗಿದ್ದೆ. ಸಮೀಕ್ಷೆಗೆ ಅಲ್ಲ, ಸುಮ್ನೆ. ಆ ತಾಯಿಯನ್ನು ಕೇಳಿದೆ, ಸರ್ಕಾರ ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ ಅಂತ. ಸ್ವಲ್ಪ ಹೊತ್ತು ಯೋಚಿಸಿದರು. "ಅಕ್ಕಿ ಪೂರಾ ನಿಲ್ಲಿಸಬ್ಯಾಡ ಅನ್ನು. ಮಳೆ ಹೋದ ವರ್ಷ ಅದೇ ಕೈ ಹಿಡೀತು. ಎರಡು ಕೇಜಿ ಕಮ್ಮಿ ಮಾಡಿ ಬ್ಯಾಳೆ ಕೊಡ್ಲಿ." ಅಷ್ಟರಲ್ಲಿ ಅತ್ತೆ ಒಳಗಿಂದ ಬಂದರು. ಮಗುವಿಗೆ ಬೇಳೆ ಕಿವುಚಿ ತಿನ್ನಿಸಬಹುದಾ ಅಂತ ಅವರನ್ನೇ ಕೇಳಿದೆ. "ಹಲ್ಲು ಬಂದೈತಲ್ಲ, ತಿಂತಾನೆ ಬಿಡು. ನಮಗೆ ಯಾರು ಹೇಳಿದ್ರು?" ಅಂದರು.

ಟೀಚರ್ ಅಕ್ಕ, ನೀವು ಯಾವ ಕಡೆ ಇರುವುದು?

ಅಂಗನವಾಡಿ ಟೀಚರ್
ಬುಧವಾರ ರಾತ್ರಿ 8:32

ಪರಶುರಾಂಪುರ ಕಡೆ. ಆ ಹಟ್ಟಿ ಹೆಸರು ನನಗೆ ಬೇರೆಯಾಗಿ ಮೆಸೇಜ್ ಮಾಡಮ್ಮ, ಅಲ್ಲಿನ ಟೀಚರ್ ನನಗೆ ಪರಿಚಯ ಇರಬಹುದು. ಶುಕ್ರವಾರ ತೂಕದ ದಿನ. ಅತ್ತೆಯಂದಿರನ್ನೂ ಕರೆಸುತ್ತೇವೆ. ನೀನು ಬರುವಾಗ ಆ ಹತ್ತು ಗುಂಪಿನ ಹಾಳೆ ತಾ.